ಹೊಸ್ತಿಲು ಕಾಯುವ ಬಿಳಿಯಮ್ಮ

ಬೆಟ್ಟಗಳ ನಡುವಿನ ನಮ್ಮೂರು ಸಾರಿಬುಲಾಕಿನಲ್ಲಿ ಬೆಳಗು ಎರಡು ಸಲ ಆಗುತ್ತದೆ. ಮೊದಲು ಬೆಟ್ಟದ ನೆತ್ತಿಯ ಮೇಲೆ. ಆಮೇಲೆ, ಒಲೆ ಹೊತ್ತಿಸಿ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಕಳೆದ ಮೇಲೆ, ಊರಿನೊಳಗೆ. ನಡುವಿನ ಆ ಅರೆಬೆಳಕಿನಲ್ಲಿ ಶಿಶುವಿಹಾರದ ಕಿಟಕಿಗಳು ಒಂದೊಂದಾಗಿ ನೀಲಿ ತುಂಬಿಕೊಳ್ಳುತ್ತವೆ. ಹಾಲು ಕರೆಯಲು ಕೊಟ್ಟಿಗೆಗೆ ಹೋಗುವ ಹೆಂಗಸರು ಅದನ್ನು ಕಂಡು, ಬುರ್ಮಾಕಾನ್ ಆಗಲೇ ಬಂದಳು ಎಂದುಕೊಳ್ಳುತ್ತಾರೆ.

ಅದು ರೋಗದ ಬೀಜ ಸುಡುವ ದೀಪ. ಯಾರೂ ಇಲ್ಲದ ಕೋಣೆಯಲ್ಲಿ ಮಾತ್ರ ಹಚ್ಚಬೇಕು. ಕಣ್ಣಿಟ್ಟು ನೋಡಿದವರ ಕಣ್ಣನ್ನೂ ಅದು ಬಿಡುವುದಿಲ್ಲ. ದೀಪ ಹಚ್ಚಿ, ಬಾಗಿಲೆಳೆದುಕೊಂಡು, ದಾದಿ ಬುರ್ಮಾಕಾನ್ ಹೊರಗಿನ ಓಣಿಯಲ್ಲಿ ಕೈಕಟ್ಟಿ ಕೂರುತ್ತಾಳೆ. ಬಾಗಿಲಿನ ಸಂದಿಯಿಂದ ನೆಲದ ಮೇಲೆ ನೀಲಿ ಗೆರೆಯೊಂದು ಹರಿದು ಬಂದು ಅವಳ ಚಪ್ಪಲಿಯ ತುದಿ ಮುಟ್ಟುತ್ತದೆ. ಮಧ್ಯಾಹ್ನ ಮಲಗಿದಾಗ ಮಕ್ಕಳು ಕಂಡು ಮರೆತುಹೋದ ಕನಸುಗಳನ್ನೆಲ್ಲ ಬಿಳಿಯಮ್ಮ ಬೆಳಿಗ್ಗೆ ಆ ನೀಲಿ ನೀರಿನಲ್ಲಿ ಅದ್ದಿ ತೊಳೆಯುತ್ತಾಳೆ ಎಂದು ಮಕ್ಕಳ ನಂಬಿಕೆ. ಮೊದಲು ಹಾಗೆಂದದ್ದು ಯಾವ ಮಗುವೋ ತಿಳಿಯದು, ಆ ಮಗುವಿಗೆ ಈಗ ಗಡ್ಡ ಬಂದಿದ್ದರೂ ಬಂದಿರಬಹುದು. ಬುರ್ಮಾಕಾನ್ ಅದನ್ನು ಅಲ್ಲಗಳೆಯಲಿಲ್ಲ. ಬಿಳಿ ಕೋಟು ತೊಟ್ಟವಳಿಗೆ ಬಿಳಿಯಮ್ಮ ಎಂದು ಹೆಸರಿಟ್ಟವರೂ ಆ ಮಕ್ಕಳೇ. ಅಮ್ಮ ಎಂಬ ಮಾತು ಅವಳ ಪಾಲಿಗೆ ಬಂದದ್ದು ಆ ದಾರಿಯಿಂದ ಮಾತ್ರ.

ದೀಪ ಆರಿಸಿದ ಮೇಲೆ ಕಿಟಕಿಗಳನ್ನು ತೆರೆದು ಬೆಟ್ಟದ ಗಾಳಿಯನ್ನು ಒಳಗೆ ಬಿಡುತ್ತಾಳೆ. ಕೋಣೆಯಲ್ಲಿ ಸಾಲು ಸಾಲು ಪುಟ್ಟ ಮಂಚ. ಗೋಡೆಯ ಮೊಳೆಗಳಲ್ಲಿ ಪುಟ್ಟ ಪುಟ್ಟ ಕೈಚೌಕ. ಓದು ಬಾರದ ಮಕ್ಕಳಿಗೆ ತಮ್ಮದು ಯಾವುದೆಂದು ತಿಳಿಯಲು ಒಂದೊಂದು ಮೊಳೆಯ ಮೇಲೆ ಒಂದೊಂದು ಚಿತ್ರ. ಒಂದಕ್ಕೆ ಸೇಬು, ಒಂದಕ್ಕೆ ಅಣಬೆ, ಒಂದಕ್ಕೆ ಚಂದ್ರ. ಸೇಬಿನ ಮಗು ಅಣಬೆಯ ಚೌಕಕ್ಕೆ ಕೈ ಒರೆಸುವಂತಿಲ್ಲ. ಗಾಳಿಗೆ ಎಲ್ಲ ಚೌಕಗಳೂ ಒಟ್ಟಿಗೆ ಅಲುಗುವಾಗ ಮಕ್ಕಳು ಇನ್ನೂ ಬಾರದ ಆ ಕೋಣೆಯಲ್ಲಿ ಮಕ್ಕಳು ಇದ್ದಂತೆಯೇ ತೋರುತ್ತದೆ. ಆಗ ಅವಳು ಎಷ್ಟೋ ಸಲ ಸುಮ್ಮನೆ ನಿಂತುಬಿಡುತ್ತಾಳೆ, ಹೊರಗೆ ಗೇಟು ಕಿರ್ರೆನ್ನುವವರೆಗೆ.

ಗೇಟಿನ ಸದ್ದು ಕೇಳಿದರೆ ಬೇರೆಯದೇ ಬುರ್ಮಾಕಾನ್. ಬಾಗಿಲ ಹೊಸ್ತಿಲಿನ ಹೊರಗೆ ಅವಳ ಮುಕ್ಕಾಲಿ ಇದೆ. ಅದರ ಮೇಲೆ ಕೂತು, ಬರುವ ಒಂದೊಂದು ಮಗುವಿನ ಬಾಯಿ ತೆರೆಸಿ ಗಂಟಲು ನೋಡುತ್ತಾಳೆ, ಕಿವಿಯ ಹಿಂದೆ ಬೆರಳಿಡುತ್ತಾಳೆ, ಅಂಗೈ ಮಗುಚಿ ನೋಡುತ್ತಾಳೆ. ಕೆಮ್ಮೋ ದದ್ದೋ ಕಂಡಿತೋ, ಆ ಮಗು ಬಂದ ದಾರಿಯಲ್ಲೇ ಹಿಂದಕ್ಕೆ. ಹಿಮ ಬೀಳುತ್ತಿರಲಿ, ತಾಯಿಗೆ ಕೆಲಸಕ್ಕೆ ತಡವಾಗಲಿ, ಗ್ರಾಮದ ಮುಖ್ಯಸ್ಥನ ಮೊಮ್ಮಗನೇ ಆಗಲಿ. ನಮ್ಮೂರಿನ ನಾಲಿಗೆಗಳು ಸುಮ್ಮನಿರುವಂಥವಲ್ಲ. "ಬಾಗಿಲಿಗೆ ಬೀಗ ಯಾಕೆ, ಬುರ್ಮಾಕಾನ್ ಇದ್ದರೆ ಸಾಕು" ಎಂಬ ಮಾತು ಮದುವೆ ಮನೆಗಳವರೆಗೂ ಹೋಗಿತ್ತು.

ಮೇಲಿನ ಕೇರಿಯ ಬತ್ಮಾ ಮುದುಕಿ ಮೊಮ್ಮಗ ತಿಲೆಕನನ್ನು ಕರೆತಂದಾಗಲೆಲ್ಲ ಒಂದು ಸುತ್ತು ಮಾತು ಆಗಲೇಬೇಕು.

"ಅಲ್ಲಮ್ಮಾ, ಮೂಗು ಅಂದ್ಮೇಲೆ ಸುರೀದೆ ಇರುತ್ತಾ? ಚಳಿಗಾಲ ಬಂದ್ರೆ ನನ್ನ ಕುದುರೆ ಮೂಗೂ ಸುರಿಯುತ್ತೆ."

"ಕುದುರೇನ ಇಲ್ಲಿಗೆ ಕಳಿಸ್ಬೇಡಿ ದೊಡ್ಡಮ್ಮ, ಅಷ್ಟೇ ನಾನು ಕೇಳೋದು."

"ಬೆಟ್ಟದ ಆರ್ಚಾ ಸೊಪ್ಪಿನ ಹೊಗೇನ ಇವನ ತಲೆ ಸುತ್ತ ಆಡಿಸ್ಕೊಂಡೇ ಬಂದಿದೀನಿ. ಯಾವ ಪೀಡೆಯೂ ಇವನ ಹತ್ರ ಸುಳಿಯಲ್ಲ."

"ಹೊಗೆ ಒಳ್ಳೇದೇ. ಪೀಡೆ ಓಡ್ಹೋಗಿರುತ್ತೆ. ಕೆಮ್ಮು ಇನ್ನೂ ಇಲ್ಲೇ ಇದೆ ನೋಡಿ."

ಬುರ್ಮಾಕಾನಳಿಗೆ ಹೊಗೆಯ ಮೇಲೆ ಹಗೆಯೇನೂ ಇರಲಿಲ್ಲ. ತಾನೂ ಆ ಹೊಗೆಯಲ್ಲಿ ಬೆಳೆದವಳೇ. ಬೇಸಿಗೆಯ ಹುಲ್ಲುಗಾವಲಿನ ಉಣ್ಣೆಗುಡಾರದಲ್ಲಿ ಹುಟ್ಟಿದ ಕುರಿಗಾಹಿಯ ಮಗಳು ಅವಳು. ಅವಳಿಗೆ ಇಂದಿಗೂ ಬೀಳುವ ಒಂದೇ ಕನಸೆಂದರೆ ಆ ಹುಲ್ಲುಗಾವಲಿನದು. ನೆಲಕ್ಕೆ ಎಳೆದು ಕಟ್ಟಿದ ಉದ್ದನೆಯ ಹಗ್ಗ, ಹಗ್ಗದ ತುಂಬ ಸಾಲಾಗಿ ಕಟ್ಟಿದ ಕುದುರೆಮರಿಗಳು, ಮಂಜು. ಹಾಲು ಕರೆಯುವ ಹೊತ್ತಿಗೆ ತಾಯಿಕುದುರೆಗಳು ದೂರ ಹೋಗದಿರಲೆಂದು ಮರಿಗಳನ್ನು ಹಾಗೆ ಕಟ್ಟುತ್ತಾರೆ. ಕನಸಿನಲ್ಲಿ ತಂಗಿ ಕಲಿಚಾ ಮರಿಯಿಂದ ಮರಿಗೆ ನಡೆಯುತ್ತಾ ಒಂದೊಂದರ ಮೂತಿಗೂ ಮುತ್ತಿಡುತ್ತಾಳೆ. ಅಕ್ಕ ಕೂಗುತ್ತಾಳೆ, ತಂಗಿ ತಿರುಗುವುದಿಲ್ಲ. ಎಚ್ಚರಾದ ಮೇಲೂ ಬುರ್ಮಾಕಾನಳಿಗೆ ಸ್ವಲ್ಪ ಹೊತ್ತು ಹಾಲಿನ ವಾಸನೆ ಬರುತ್ತಿರುತ್ತದೆ.

ಕಲಿಚಾ ಹೋದದ್ದು ಒಂದು ತುತ್ತಿನಿಂದ. ಔತಣ ಮುಗಿಯುವಾಗ ಹಿರಿಯರು ತಟ್ಟೆಯ ಕೊನೆಯ ಮಾಂಸವನ್ನು ಹಿಡಿಹಿಡಿಯಾಗಿ ತೆಗೆದು ಮಕ್ಕಳ ಬಾಯಿಗೆ ತಾವೇ ಇಡುವುದು ನಮ್ಮಲ್ಲಿ ಆಶೀರ್ವಾದ. ಆ ತುತ್ತಿಗೆ ಬಾಯಿ ತೆರೆಯದ ಮಗು ಇಲ್ಲ. ಆ ಬೇಸಿಗೆ ಕಣಿವೆಯಾಚೆಯಿಂದ ಬಂದ ತಾತನಿಗೆ ಸಣ್ಣಗೆ ಕೆಮ್ಮು. ಮುಂಗೈಯಲ್ಲಿ ಬಾಯಿ ಒರೆಸಿಕೊಂಡು, ಅದೇ ಕೈಯಲ್ಲಿ ಎಲ್ಲ ಮಕ್ಕಳಿಗೂ ತುತ್ತಿಟ್ಟ. ಎಲ್ಲರಿಗಿಂತ ಚಿಕ್ಕವಳೆಂದು ಕಲಿಚಾಳಿಗೆ ಎರಡು ಸಲ. ಹುಲ್ಲು ಹಳದಿಯಾಗುವ ಮೊದಲೇ ಗುಡಾರಗಳಲ್ಲಿ ನಾಯಿಕೆಮ್ಮು ಶುರುವಾಯಿತು. ಕೆಮ್ಮಿ ಕೆಮ್ಮಿ ಮಗುವಿನ ಮುಖ ನೀಲಿಗಟ್ಟುವುದರಿಂದ ನಮ್ಮವರು ಅದನ್ನು ನೀಲಿಕೆಮ್ಮು ಎನ್ನುತ್ತಾರೆ. ಕುದುರೆಹಾಲು ಕುಡಿಸಿದರು, ಹೊಗೆ ಹಾಕಿದರು. ಎಲ್ಲ ಮಕ್ಕಳೂ ಉಳಿದುಕೊಂಡರು, ಕಲಿಚಾ ಒಬ್ಬಳು ಉಳಿಯಲಿಲ್ಲ.

ಯಾರನ್ನು ಬೈಯುವುದು? ತಾತ ಪ್ರೀತಿಯಿಂದಲೇ ಇಟ್ಟ ತುತ್ತು ಅದು. ದಾದಿಯ ಓದು ಓದಲು ನಾರಿನ್ ಪಟ್ಟಣಕ್ಕೆ ಹೋದಾಗ ಬುರ್ಮಾಕಾನಳಿಗೆ ಪುಸ್ತಕ ಹೇಳಿಕೊಟ್ಟದ್ದಕ್ಕಿಂತ ಈ ಒಂದು ಸಂಗತಿಯೇ ಹೆಚ್ಚು ತಿಳಿದಿತ್ತು. ಹೊಸದಾಗಿ ಬರುವ ತಾಯಂದಿರಿಗೆ ಅವಳು ಹೇಳುವುದೂ ಅದನ್ನೇ: "ಕಳ್ಳ ಬೇಲಿ ಹಾರ್ಕೊಂಡು ಬರ್ತಾನೆ. ಕಾಯಿಲೆ ಹಂಗಲ್ಲಮ್ಮ, ಮುತ್ತು ಕೊಡ್ತಾ ಬರುತ್ತೆ."

ಓದು ಮುಗಿಸಿ ಬಂದವಳನ್ನು ಕಲ್ಲಿದ್ದಲಿನ ಲಾರಿ ಓಡಿಸುವ ಕೆಂಜೆಬೆಕ್ ಮದುವೆಯಾದ. ಒಳ್ಳೆಯ ಮನುಷ್ಯ, ಹಾಡುಗಾರ, ಹಾಡಿನ ಸಾಲು ಮರೆತರೆ ಹಾರ್ನು ಹೊಡೆದು ಮುಂದಕ್ಕೆ ಹೋಗುವವನು. ಮಕ್ಕಳಾಗಲಿಲ್ಲ. ಅವನು ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಊರು ಅವನ ಪಾಲನ್ನೂ ಸೇರಿಸಿ ಆಡಿತು. ಒಂದು ಚಳಿಗಾಲ ಅವನ ಎದೆ ನಿಂತುಹೋಯಿತು. ಆಮೇಲೆ ಅವಳಿಗೆ ಉಳಿದದ್ದು ಆ ಬಿಳಿ ಕೋಟು, ಆ ಮುಕ್ಕಾಲಿ, ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಮಂಚಗಳ ನಡುವೆ ಸದ್ದಿಲ್ಲದೆ ನಡೆಯುವ ಸುಖ.

ಇಷ್ಟೆಲ್ಲ ಇದ್ದರೂ ಒಂದು ಕೆಲಸಕ್ಕೆ ಮಾತ್ರ ಅವಳನ್ನು ಯಾರೂ ಎಂದೂ ಕರೆದಿರಲಿಲ್ಲ. ನಮ್ಮಲ್ಲಿ ಮಗು ಮೊದಲ ಹೆಜ್ಜೆ ಇಟ್ಟ ಮೇಲೆ ಅದರ ಎರಡು ಕಾಲನ್ನೂ ಕಪ್ಪು ಬಿಳಿ ಉಣ್ಣೆ ಹೊಸೆದ ದಾರದಿಂದ ಸೇರಿಸಿ ಕಟ್ಟಿ, ಹಿರಿಯರೊಬ್ಬರ ಕೈಯಲ್ಲಿ ಕೊಯ್ಯಿಸುತ್ತಾರೆ. ದಾರ ಹರಿದರೆ ಮಗುವಿನ ದಾರಿ ತೆರೆಯಿತು. ಕೊಯ್ದವರಿಗೆ ಆ ಚಾಕುವೇ ಉಡುಗೊರೆ. ಕೊಯ್ದವರ ಗುಣ ಮಗುವಿಗೆ. ಅದಕ್ಕೇ ಹತ್ತು ಸಲ ಯೋಚಿಸಿ ಕರೆಯುತ್ತಾರೆ, ಮಕ್ಕಳೊಂದಿಗಳನ್ನು, ಗಂಡನಿರುವವಳನ್ನು, ಕೈ ಹಿಡಿದದ್ದೆಲ್ಲ ಹಸುರಾಗುವವಳನ್ನು. ಮಕ್ಕಳಿಲ್ಲದ ವಿಧವೆಯನ್ನು ಯಾರು ಕರೆಯುತ್ತಾರೆ? ಊರಿನ ಅರ್ಧ ಮಕ್ಕಳು ಮೊದಲ ಹೆಜ್ಜೆ ಇಟ್ಟದ್ದು ಅವಳ ಕಣ್ಣೆದುರಿಗೆ, ಆ ಶಿಶುವಿಹಾರದ ನೆಲದ ಮೇಲೆ. ದಾರ ಕೊಯ್ಯುವ ದಿನ ಮಾತ್ರ ಅವಳು ಬಾಗಿಲ ಹತ್ತಿರ ನಿಂತು ಚಪ್ಪಾಳೆ ತಟ್ಟುವವಳು. ಅವಳಿಗೆ ಅದು ನೋವಾಗುತ್ತಿತ್ತು. ನೋವಾಗುತ್ತಿರಲಿಲ್ಲ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ.

ಕೊನೆಗೊಮ್ಮೆ ಕರೆದವಳು ಕುಂದುಜ್, ಬತ್ಮಾ ಮುದುಕಿಯ ಸೊಸೆ, ತಿಲೆಕನ ತಾಯಿ. ಅದೇ ಆಶ್ಚರ್ಯ. ಹಿಂದೊಂದು ಚಳಿಗಾಲದಲ್ಲಿ ತಿಲೆಕನಿಗೆ ಮೈತುಂಬ ಕೆಂಪು ದದ್ದೆದ್ದಾಗ ಬುರ್ಮಾಕಾನ್ ಅವನನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸಿದ್ದಳು. ಕುಂದುಜ್ ಆಗ ಬಸುರಿ, ಹೊಲಿಗೆ ಅಂಗಡಿಯ ಕೆಲಸ ಕೈಬಿಟ್ಟುಹೋಗುವ ಭಯ ಬೇರೆ. ಎಲ್ಲರೆದುರಿಗೆ ಕೂಗಾಡಿದ್ದಳು.

"ಪಕ್ಕದ ಬೀದಿ ಮಕ್ಕಳಿಂದ ಬಂದಿದ್ದು ಇದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರಂತೆ, ಹಂಗಾಯ್ತು! ನಾನೆಲ್ಲಿಗೆ ಹೋಗ್ಲಿ ಇವನ್ನ ಕಟ್ಕೊಂಡು? ನಿಮಗೇನ್ ಗೊತ್ತಾಗುತ್ತೆ ಬಿಡಿ. ಬಂಜೆಗೇನ್ ಗೊತ್ತು ಹೆರಿಗೆ ನೋವು!"

ಬುರ್ಮಾಕಾನ್ ಮುಂದಿನ ಮಗುವಿನ ಬಾಯಿ ತೆರೆಸಿದಳು. ಆದರೆ ಅಂದು ಸಂಜೆ ಕುಂದುಜಳ ಮನೆಯ ಕಿಟಕಿಯನ್ನು ಯಾರೋ ತಟ್ಟಿದರು. ತೆರೆದು ನೋಡಿದರೆ ಕಿಟಕಿಯ ಕಟ್ಟೆಯ ಮೇಲೆ ಬಿಸಿ ಸಾರಿನ ಪಾತ್ರೆ. ತಂದವಳು ಅಂಗಳದ ತುದಿಯಲ್ಲಿ ನಿಂತು, ನೀರು ಹೆಚ್ಚು ಕುಡಿಸು, ಅವನ ತಟ್ಟೆ ಬೇರೆ ಇಡು, ನೀನು ಕೈ ತೊಳೆಯದೆ ಏನೂ ತಿನ್ನಬೇಡ ಎಂದು ಕೂಗಿ ಹೇಳುತ್ತಿದ್ದಾಳೆ. ತಿಲೆಕನ ದದ್ದು ಆರುವವರೆಗೂ ಆ ಕಿಟಕಿಯನ್ನು ಪ್ರತಿ ಸಂಜೆ ಯಾರೋ ತಟ್ಟಿದರು. ಹೊಲಿಗೆ ಅಂಗಡಿಯ ಕೆಲಸ ಹೋಗಿಯೇ ಹೋಯಿತು. ಹೆರಿಗೆಯಾದ ಮೇಲೆ ಶಿಶುವಿಹಾರದ ಅಡುಗೆಮನೆಯಲ್ಲಿ ಕೆಲಸ ಕೊಡಿಸಿದವಳೂ ಬುರ್ಮಾಕಾನಳೇ. ಕುಂದುಜಳ ಹೆಣ್ಣುಮಗು ಉಮ್ಸುನಾಯ್ ಅಲ್ಲಿನ ಎಳೆಮಕ್ಕಳ ಕೋಣೆಯಲ್ಲೇ ತೆವಳಿತು, ಅಲ್ಲೇ ಎದ್ದು ನಿಂತಿತು.

ಫೆಬ್ರವರಿಯ ಕೊನೆಗೆ ಒಂದು ದಿನ, ಇಬ್ಬರೂ ಅಡುಗೆಮನೆಯ ಹಿಂದೆ ಕೈಚೌಕಗಳನ್ನು ಕುದಿಸುತ್ತಿದ್ದರು. ಆವಿ ಎಷ್ಟು ದಟ್ಟವಾಗಿತ್ತೆಂದರೆ ಒಬ್ಬರಿಗೊಬ್ಬರು ಕಾಣಿಸುತ್ತಲೇ ಇರಲಿಲ್ಲ. ಮುಖ ಕಾಣದಿದ್ದುದರಿಂದಲೇ ಕುಂದುಜಳಿಗೆ ಮಾತು ಬಂತೋ ಏನೋ.

"ಅಕ್ಕಾ, ನೂರೂಜ್ ಹಬ್ಬದ ದಿನ ಉಮ್ಸುನಾಯ್ ದಾರ ಕೊಯ್ಸೋಣ ಅಂತ. ಇಲ್ಲೇ, ಮಕ್ಕಳ ಜೊತೆ."

"ಒಳ್ಳೇದು. ಯಾರ್ ಕೈಲಿ? ನಿಮ್ಮತ್ತೆ ಕೈಲಾ?"

"ನಿಮ್ಮ ಕೈಲಿ."

ಆವಿಯ ಆಚೆ ಕೋಲು ಹಂಡೆಗೆ ಬಡಿದ ಸದ್ದಾಯಿತು.

"ತಲೆ ಕೆಟ್ಟಿದ್ಯಾ ಹುಡ್ಗಿ? ನಿಮ್ಮತ್ತೆ ನಿನ್ನ ಮನೇಲಿಟ್ಕೋತಾಳಾ?"

"ಮೂರು ದಿನ ಮಾತು ಬಿಟ್ಟಿದ್ರು. ನಿನ್ನೆಯಿಂದ ನೂಲೋಕೆ ಕೂತಿದಾರೆ. ಕೊಯ್ಯೋಳು ಯಾರೇ ಆಗ್ಲಿ, ದಾರ ಮಾತ್ರ ನಂದೇ ಅಂತ."

"ಆದ್ರೂ ಕುಂದುಜ್, ನನ್ನಂಥವಳ ಗುಣ ಮಗೂಗೆ ಬಂದ್ರೆ..."

"ಬರ್ಲಿ ಅಂತಾನೇ ಅಕ್ಕಾ." ಕುಂದುಜಳ ದನಿ ತಗ್ಗಿತು. "ನಂಗೆ ಓದ್ಬೇಕಿತ್ತು. ಮದ್ವೆ ಅಂದ್ರು, ಹೂಂ ಅಂದೆ. ಯಾರು ಏನ್ ಹೇಳಿದ್ರೂ ಹೂಂ. ಇಲ್ಲ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ. ನೀವು ಆ ಹೊಸ್ತಿಲಲ್ಲಿ ಕೂತು ಮುಖ್ಯಸ್ಥನಿಗೂ ಇಲ್ಲ ಅಂತೀರಿ, ನಂಗೂ ಇಲ್ಲ ಅಂದ್ರಿ. ಅಂದು ಸಂಜೆ ಸಾರು ತಂದಿಟ್ರಿ. ಅದು, ಆ ಎರಡೂ, ನನ್ನ ಮಗಳಿಗೆ ಬೇಕು."

ಬುರ್ಮಾಕಾನ್ ಕೋಲಿನಿಂದ ಚೌಕಗಳನ್ನು ಮಗುಚುತ್ತಲೇ ಇದ್ದಳು. ಅಷ್ಟು ಆವಿಯಲ್ಲಿ ಕೆನ್ನೆಯ ಮೇಲೆ ಹರಿದದ್ದು ಯಾವ ನೀರೆಂದು ಯಾರೂ ಕೇಳುವ ಹಾಗಿರಲಿಲ್ಲ.

ಅಂದಿನಿಂದ ಮಾರ್ಚ್ ತಿಂಗಳ ಆ ಹೊಸವರ್ಷದ ಹಬ್ಬದವರೆಗಿನ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ನೆನಪಿಲ್ಲ. ಕಾಲು ನೆಲದ ಮೇಲಿರಲಿಲ್ಲ. ಪೆಟ್ಟಿಗೆಯ ತಳದಿಂದ ಕೆಂಜೆಬೆಕ್ ತಂದುಕೊಟ್ಟಿದ್ದ ನೇರಳೆ ಬಣ್ಣದ ಮಖಮಲ್ಲಿನ ನಡುಅಂಗಿಯನ್ನು ತೆಗೆದು ಗಾಳಿಗೆ ಹಾಕಿದಳು. ಬತ್ಮಾ ನೂತ ದಾರವನ್ನು ಕುಂದುಜ್ ತಂದು ತೋರಿಸಿದಾಗ ಎರಡು ಬೆರಳಲ್ಲಿ ಎಳೆದು ನೋಡಿ ನಕ್ಕಳು. ಮುದುಕಿಗೆ ಕಣ್ಣು ಮಂಜು, ಮನಸ್ಸೂ ಇರಲಿಲ್ಲವಲ್ಲ, ಹುರಿ ಅಲ್ಲಲ್ಲಿ ಸಡಿಲ. ಕುರಿಮರಿಯನ್ನೂ ಹಿಡಿದು ನಿಲ್ಲಿಸುವಂಥದಲ್ಲ. ಬೆಳಿಗ್ಗೆ ಎಳೆಮಕ್ಕಳ ಕೋಣೆಯಲ್ಲಿ ಉಮ್ಸುನಾಯ್ ಅವಳನ್ನು ಕಂಡೊಡನೆ ಮಂಚ ಹಿಡಿದು ಎದ್ದು, ಕೈಬಿಟ್ಟು, ಎರಡು ಹೆಜ್ಜೆ ಹಾಕಿ ಕುಕ್ಕರಿಸುತ್ತಿತ್ತು. ಮತ್ತೆ ಏಳುತ್ತಿತ್ತು. ಎದ್ದು ಬರುವುದು ಯಾವಾಗಲೂ ಬಿಳಿ ಕೋಟಿನ ಕಡೆಗೇ.

ಅದೇ ದಿನಗಳಲ್ಲಿ ಕೆಳಗಿನ ಬೀದಿಯಲ್ಲಿ ನೀಲಿಕೆಮ್ಮು ಕಾಣಿಸಿಕೊಂಡಿತು. ಬುರ್ಮಾಕಾನ್ ಶಿಶುವಿಹಾರದ ಬಾಗಿಲಿನಿಂದ ಇಬ್ಬರು ಮಕ್ಕಳನ್ನು ಹಿಂದಕ್ಕೆ ಕಳಿಸಿದಳು. ಸಂಜೆ ಎಂದಿನಂತೆ ಅವರ ಮನೆಗೆ ಹೋದಳು. ಒಂದು ಮನೆಯಲ್ಲಿ ತಾಯಿ ಒಬ್ಬಳೇ, ಕೈಸೋತು ಕೂತಿದ್ದಳು. ಕಿಟಕಿಯಿಂದ ಹೇಳಿ ಬರುವಂತಿರಲಿಲ್ಲ. ಒಳಗೆ ಹೋಗಿ ಮಗುವನ್ನು ಬೆನ್ನು ತಟ್ಟಿ ಕೂರಿಸಿದಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಇದ್ದಳು. ಆದರೂ ಹಬ್ಬ ಹತ್ತಿರವಾಗುತ್ತಿದ್ದಂತೆ ಗಂಟಲಲ್ಲಿ ಏನೋ ಗರಗರ. ಜ್ವರವಿಲ್ಲ, ಮೈಕೈ ನೋವಿಲ್ಲ, ಎಲ್ಲೋ ಆಗೀಗ ಒಂದು ಒಣ ಕೆಮ್ಮು. ನೆಲ ಒರೆಸುವ ಕ್ಲೋರಿನ್ನಿನ ಘಾಟು ಎಂದುಕೊಂಡಳು. ಒಲೆಯ ಹೊಗೆ ಎಂದುಕೊಂಡಳು. ಬೇರೆಯವರ ಗಂಟಲಿಗೆ ಇಣುಕಿ ಇಣುಕಿ ನೋಡುವವಳು ತನ್ನದಕ್ಕೆ ಇಣುಕಲಿಲ್ಲ. ಆಸೆ ಅಷ್ಟಿತ್ತು, ಪಾಪ.

ಹಬ್ಬದ ಬೆಳಿಗ್ಗೆ ಮೊದಲ ಬಾರಿಗೆ ಅವಳು ತಡವಾಗಿ ಎದ್ದಳು. ಅದೇ ಕನಸು ಹಿಡಿದಿಟ್ಟಿತ್ತು. ಈ ಸಲ ಕಲಿಚಾ ತಿರುಗಿ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಬಂದದ್ದು ಕೆಮ್ಮು. ಎಚ್ಚರಾದಾಗ ಕೆಮ್ಮುತ್ತಿದ್ದವಳು ಬುರ್ಮಾಕಾನಳೇ. ನೀರು ಕುಡಿದಳು, ನಿಂತಿತು. ನೇರಳೆ ಅಂಗಿ ತೊಟ್ಟು, ಬಿಳಿ ತಲೆವಸ್ತ್ರ ಕಟ್ಟಿ ಹೊರಟಳು. ರಸ್ತೆಯ ಹಿಮ ಕರಗಿ ಹರಿಯುತ್ತಿತ್ತು, ಮನೆಮನೆಯಿಂದ ಮೊಳಕೆಗೋಧಿಯ ಪಾಯಸದ ವಾಸನೆ, ಪಾಪ್ಲರ್ ಮರಗಳ ಮೇಲೆ ಕಾಗೆಗಳ ಸಂತೆ. ಎದುರಿಗೆ ಸಿಕ್ಕವರೆಲ್ಲ ಹಬ್ಬದ ಮಾತಾಡಿದರು. ಅವಳು ತಲೆದೂಗಿದಳೇ ಹೊರತು ಬಾಯಿ ತೆರೆಯಲಿಲ್ಲ. ತೆರೆದರೆ ಏನು ಹೊರಬರುತ್ತದೋ ಎಂಬ ಭಯ ಆಗಲೇ ಅವಳೊಳಗೆ ಕೂತಿತ್ತು.

ಶಿಶುವಿಹಾರದ ಬಾಗಿಲಲ್ಲಿ ಮುಕ್ಕಾಲಿ ಖಾಲಿಯಾಗಿ ಅವಳನ್ನು ಕಾಯುತ್ತಿತ್ತು. ಬಾಗಿಲ ಪಕ್ಕದಲ್ಲಿ ಮಕ್ಕಳ ಎತ್ತರಕ್ಕೆ ಮೊಳೆ ಹೊಡೆದ ಸಣ್ಣ ಕನ್ನಡಿ ಇದೆ. ಅವಳು ಅದರ ಮುಂದೆ ಮಂಡಿಯೂರಿದಳು. "ಆ ಅನ್ನು" ಎಂದು ತನಗೇ ಹೇಳಿಕೊಂಡಳು. ಬಾಯಿ ತೆರೆದದ್ದೇ ತಡ, ಕೆಮ್ಮು ಎದ್ದಿತು. ಒಂದರ ಬೆನ್ನಿಗೊಂದು, ಉಸಿರಿಗೆ ಎಡೆ ಕೊಡದೆ, ಕೊನೆಗೊಮ್ಮೆ ಸಿಳ್ಳೆಯಂತೆ ಉಸಿರೆಳೆದುಕೊಳ್ಳುವವರೆಗೆ. ಆ ಸದ್ದನ್ನು ಅವಳು ಬದುಕಿಡೀ ಕೇಳಿದ್ದಳು. ಕನ್ನಡಿಯಲ್ಲಿ ಒಂದು ನೀಲಿಗಟ್ಟಿದ ಮುಖ ಅವಳನ್ನು ನೋಡುತ್ತಿತ್ತು. ಅದು ನೀಲಿಕೆಮ್ಮೇ ಎಂದು ಪಟ್ಟಣದ ವೈದ್ಯರು ಹೇಳಿದ್ದು ಆಮೇಲೆ. ಅವಳಿಗೆ ಆ ಕ್ಷಣಕ್ಕೇ ಗೊತ್ತಾಗಿತ್ತು.

ಸದ್ದು ಕೇಳಿ ಶಿಶುವಿಹಾರದ ಮುಖ್ಯಸ್ಥೆ ಕ್ಲಾರಾ ಬಾಗಿಲಿಗೆ ಓಡಿಬಂದಳು. ತಲೆಯ ಮೇಲೆ ಹಬ್ಬಕ್ಕೆಂದು ಕಟ್ಟಿಸಿಕೊಂಡ ಗೋಪುರದಂಥ ತುರುಬು.

"ಬಂದ್ಯಾ! ಒಳಗೆ ಎಲ್ಲಾ ಕಾಯ್ತಿದಾರೆ. ಬಾ ಬಾ."

"ಹಿಂದಕ್ಕೆ ಹೋಗು ಕ್ಲಾರಾ. ಇನ್ನೂ ಹಿಂದಕ್ಕೆ." ಬುರ್ಮಾಕಾನ್ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ಮೆಟ್ಟಿಲಿಳಿದು ನಿಂತಿದ್ದಳು. "ಕೆಮ್ಮಿದೆ ನಂಗೆ. ಒಳಗೆ ಬರಲ್ಲ."

"ಒಂದು ಕೆಮ್ಮಿಗೆ? ಇವತ್ತಾ? ಅಯ್ಯೋ, ಒಂದೇ ಒಂದು ನಿಮಿಷದ ಕೆಲ್ಸ, ದಾರ ಕೊಯ್ದು ಹೋಗು. ಯಾರಿಗೆ ಗೊತ್ತಾಗುತ್ತೆ?"

"ಬಾಗಿಲು ಕಾಯೋಳಿಗೆ ಗೊತ್ತಾಗಿದೆ."

"ಯಾರವಳು?"

"ನಾನೇ ಕಣೆ!"

ಕ್ಲಾರಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ವರ್ಷಗಟ್ಟಲೆ ಕಾದಿದೀಯ ಇದಕ್ಕೆ, ಬುರ್ಮಾಕಾನ್. ಇವತ್ತು ಬಿಟ್ರೆ ಆ ಮುದುಕಿ ಮತ್ತೆ ಒಪ್ತಾಳಾ?"

"ಒಪ್ಪಲ್ಲ. ಗೊತ್ತು. ಒಳಗೆ ಎಳೆಮಕ್ಕಳಿದಾರೆ ಕ್ಲಾರಾ, ಇನ್ನೂ ಸೂಜಿ ಪೂರ್ತಿ ಆಗ್ದಿರೋವು ಇದಾವೆ. ಬೇಲಿನೇ ಎದ್ದು ಹೊಲ ಮೇಯ್ದ್ರೆ ಹೆಂಗೆ? ಕುಂದುಜ್‌ಗೆ ಹೇಳು, ಬೇರೆ ಯಾರ ಕೈಲಾದ್ರೂ ಕೊಯ್ಸ್ಲಿ. ಹೋದ ವಾರ ನಾನು ಎತ್ಕೊಂಡ ಮಕ್ಕಳನ್ನೆಲ್ಲ ವೈದ್ಯರಿಗೆ ತೋರಿಸ್ಬೇಕು, ಅದನ್ನೂ ಹೇಳು. ಬಾಗಿಲು ಹಾಕ್ಕೋ."

ಬಾಗಿಲು ಮುಚ್ಚಿತು. ಮನೆಗೆ ಹೋಗಬೇಕಿತ್ತು. ಕಾಲು ಹೋಗಲಿಲ್ಲ. ಅಂಗಳ ಸುತ್ತಿ, ಎಳೆಮಕ್ಕಳ ಕೋಣೆಯ ದೊಡ್ಡ ಕಿಟಕಿಯಿಂದ ಸಾಕಷ್ಟು ದೂರಕ್ಕೆ, ಎಲೆಯಿಲ್ಲದ ವಿಲ್ಲೋ ಮರದ ಕೆಳಗೆ ಬಂದು ನಿಂತಳು. ಗಾಜಿನಾಚೆ ಎಲ್ಲವೂ ಇತ್ತು, ಸದ್ದೊಂದನ್ನು ಬಿಟ್ಟು. ಬಣ್ಣಬಣ್ಣದ ಟೋಪಿಯ ಮಕ್ಕಳು, ಬಾಯಿ ಆಡಿಸುತ್ತಿದ್ದ ಹೆಂಗಸರು, ನೆಲಕ್ಕೆ ಹಾಸಿದ ಬಿಳಿ ಬಟ್ಟೆ, ಅದರ ತುದಿಯಲ್ಲಿ ಕಾಲಿಗೆ ದಾರ ಕಟ್ಟಿಸಿಕೊಂಡು ಅಜ್ಜಿಯ ಕೈ ಹಿಡಿದು ನಿಂತ ಉಮ್ಸುನಾಯ್. ಮಧ್ಯಾಹ್ನದ ನಿದ್ದೆಯಲ್ಲಿರುವ ಮಕ್ಕಳ ಕನಸನ್ನು ಹೊರಗಿನಿಂದ ನೋಡಿದರೆ ಹೀಗೇ ಕಾಣುತ್ತದೇನೋ ಎನಿಸಿತು ಅವಳಿಗೆ.

ಕ್ಲಾರಾ ಏನೋ ಹೇಳಿದಳು. ಹೆಂಗಸರ ಬಾಯಿಗಳು ನಿಂತವು. ಬತ್ಮಾ ಮುದುಕಿ ಕೊಂಬಿನ ಹಿಡಿಯ ಚಾಕುವನ್ನು ಕೈಗೆತ್ತಿಕೊಂಡಳು. ಕುಂದುಜ್ ಅಡ್ಡಡ್ಡ ತಲೆಯಾಡಿಸಿದಳು. ಅತ್ತೆ ಏನೋ ಅಂದಳು, ಸೊಸೆ ಮತ್ತೆ ತಲೆಯಾಡಿಸಿದಳು. ಹೂಂ ಎನ್ನುವುದೊಂದೇ ಗೊತ್ತಿದ್ದ ಕುಂದುಜ್ ಊರ ಹೆಂಗಸರೆಲ್ಲರ ಎದುರಿಗೆ, ಅತ್ತೆಯ ಎದುರಿಗೆ, ತುಟಿ ಬಿಗಿದು ಇಲ್ಲ ಎನ್ನುತ್ತಿದ್ದಳು. ಅದು ಗಾಜಿನಾಚೆಯಿಂದಲೂ ಕೇಳಿಸುವಷ್ಟು ಸ್ಪಷ್ಟವಾಗಿತ್ತು. ಬೇಡ ಹುಡುಗಿ, ಹಟ ಬೇಡ, ಕೊಯ್ಸಿಬಿಡು ಎಂದು ಬುರ್ಮಾಕಾನ್ ಮರದ ಕೆಳಗೆ ನಿಂತು ಪಿಸುಗುಟ್ಟಿದಳು. ಪಿಸುಗುಟ್ಟಿದ್ದಕ್ಕೆ ಕೆಮ್ಮು ಬಂತು. ಬಗ್ಗಿ, ಮರ ಹಿಡಿದು, ಕೆಮ್ಮಿ ಮುಗಿಸಿ ತಲೆಯೆತ್ತಿದಾಗ ಉಮ್ಸುನಾಯ್ ಕಿಟಕಿಯ ಕಡೆಗೆ ನೋಡುತ್ತಿತ್ತು.

ದೊಡ್ಡವರು ಜಗಳದಲ್ಲಿದ್ದರು, ಮಗುವಿನ ಕೈ ಯಾವಾಗಲೋ ಬಿಟ್ಟಿದ್ದರು. ಬಿಳಿ ತಲೆವಸ್ತ್ರವನ್ನು ಅದು ಗುರುತಿಸಿತು. ಹೆಜ್ಜೆ ಇಟ್ಟಿತು, ದಾರ ಬಿಗಿಯಿತು, ಕುಕ್ಕರಿಸಿತು. ಮುಖ ಸೊಟ್ಟಗಾಯಿತು, ಅಳಲಿಲ್ಲ. ಅಂಗೈ ಊರಿ ಎದ್ದಿತು. ಎರಡು ಕಾಲನ್ನೂ ಒಟ್ಟಿಗೆ ಎಳೆದುಕೊಳ್ಳುತ್ತಾ ಒಂದು ಜರುಗು, ಇನ್ನೊಂದು ಜರುಗು. ಮಕ್ಕಳು ಕೈ ತೋರಿಸಿದರು. ಕುಂದುಜ್ ತಿರುಗಿ ನೋಡಿ ಮುಂದಕ್ಕೆ ಓಡಬೇಕೆಂದವಳು ಏಕೋ ನಿಂತುಬಿಟ್ಟಳು. ಉಮ್ಸುನಾಯ್ ಬಲಗಾಲನ್ನು ಎತ್ತಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಮುಂದಕ್ಕೆ ಒಗೆಯಿತು. ಬತ್ಮಾ ಮನಸ್ಸಿಲ್ಲದೆ ಹೊಸೆದ ಹುರಿ ಪಟ್ಟನೆ ಹರಿದುಹೋಯಿತು. ಆಮೇಲೆ ಅದು ನಡೆದದ್ದಲ್ಲ, ಓಡಿದ್ದು. ಕಿಟಕಿಯ ಗಾಜಿಗೆ ಎರಡೂ ಅಂಗೈ, ಮೂಗು, ಬಾಯಿ ಎಲ್ಲವನ್ನೂ ಒತ್ತಿ ನಿಂತಿತು. ಅದರ ಉಸಿರಿಗೆ ಗಾಜು ಮಂಜಾಯಿತು.

ಬುರ್ಮಾಕಾನ್ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟೇ. ನಿಂತಲ್ಲಿಂದಲೇ ತನ್ನ ಅಂಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಳು. ಕುಂದುಜ್ ಮಗುವಿನ ಹಿಂದೆ ಬಂದು ಕೂತು, ಹರಿದ ದಾರದ ಎರಡು ತುದಿಗಳನ್ನು ಗಾಜಿಗೆ ಹಿಡಿದು ತೋರಿಸಿದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಮಂಜಿನಲ್ಲಿ ಸರಿಯಾಗಿ ಕಾಣಲಿಲ್ಲ.

ಸ್ವಲ್ಪ ಹೊತ್ತಿಗೆ ಮುಂಬಾಗಿಲು ಕಿರ್ರೆಂದಿತು. ಬತ್ಮಾ ಮುದುಕಿ ಕೋಲೂರಿಕೊಂಡು ಹೊಸ್ತಿಲು ದಾಟಿ ಬಂದಳು. ಅಂಗಳದ ತುದಿಗೆ ಬಂದಿದ್ದ ಬುರ್ಮಾಕಾನಳನ್ನು ಕಂಡು ಕೋಲೆತ್ತಿದಳು.

"ಏಯ್, ಅಲ್ಲೇ ನಿಲ್ಲು! ಹತ್ರ ಬರ್ಬೇಡ. ನಿನ್ನ ಕೆಮ್ಮು ನಂಗೆ ಬೇಡ, ನನ್ನದೇ ನಂಗೆ ಸಾಕಾಗಿದೆ."

"ನಾನೆಲ್ಲಿ ಬಂದೆ ದೊಡ್ಡಮ್ಮ, ನೀವೇ ಬಂದಿದ್ದು."

"ಬಾಯ್ ಮುಚ್ಕೋ, ಕೆಮ್ಮೋಳು ಮಾತಾಡ್ಬಾರ್ದು. ಒಳಗೆ ದೊಡ್ಡ ಜಗಳ. ಯಾರೂ ಕೊಯ್ದಿಲ್ಲ, ಇದು ಲೆಕ್ಕಕ್ಕಿಲ್ಲ ಅಂತ ಒಬ್ಳು. ನೂಲೇ ಸರಿಯಿಲ್ಲ ಅಂತ ಇನ್ನೊಬ್ಳು. ನನ್ನ ನೂಲಂತೆ, ಅವಳ ಬಾಯಿಗೆ ಮಣ್ಣು ಹಾಕ! ನಾನಂದೆ, ಎಪ್ಪತ್ತು ವರ್ಷ ಕುದುರೆ ಸಾಕಿದವಳು ನಾನು, ನನ್ನ ಕೇಳ್ರೇ ಅಂತ." ಮುದುಕಿ ಉಸಿರು ತೆಗೆದುಕೊಂಡಳು. "ಕಟ್ಟಿದ ಮರಿ ಹಗ್ಗ ಕಿತ್ಕೊಂಡ್ರೆ ಸುಮ್ಸುಮ್ನೆ ಓಡಲ್ಲ. ಯಾರ ಹತ್ರ ಓಡುತ್ತೋ, ಅವಳು ಅದಕ್ಕೆ ತಾಯಿ. ದಾರ ಕೊಯ್ದೋಳು ಯಾರು ಅಂತ ಬೇರೆ ಕೇಳ್ಬೇಕಾ?"

ಬುರ್ಮಾಕಾನ್ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ಅದು ಕೆಮ್ಮಿಗಲ್ಲ.

ಮುದುಕಿ ಚಾಕುವನ್ನು ಮುಕ್ಕಾಲಿಯ ಮೇಲಿಟ್ಟು, ಗೊಣಗುತ್ತಾ ಒಳಗೆ ಹೊರಟಳು. ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಕುದಿಸಿ ಇಟ್ಕೋ. ನಾನು ಮುಟ್ಟಿದೀನಿ."

ಬಾಗಿಲು ಪೂರ್ತಿ ಮುಚ್ಚುವವರೆಗೆ ಬುರ್ಮಾಕಾನ್ ಕಾದಳು. ಆಮೇಲೆ ಮೆಲ್ಲನೆ ಬಂದು, ಕೊಂಬಿನ ಹಿಡಿಯ ಚಾಕುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಕರಗಿದ ಹಿಮದ ರಸ್ತೆಯಲ್ಲಿ ಯಾರಿಗೂ ಎದುರಾಗದಂತೆ ಅಂಚಿನಲ್ಲೇ ನಡೆದು ಮನೆ ಸೇರಿದಳು. ನೇರಳೆ ಅಂಗಿಯನ್ನೂ ಬಿಚ್ಚದೆ ಮೊದಲು ಒಲೆಯ ಮೇಲೆ ನೀರಿಟ್ಟಳು.